ಮೊದಲ ಸಾಲಿನಲ್ಲೇ ನಿಂತ ಪ್ರೋಗ್ರಾಂ

ದೆವ್ವ ಕಂಡೆ ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ನಮ್ಮ ತಗಡು ಕತ್ತರಿಸುವ ಯಂತ್ರದ ಪ್ರೋಗ್ರಾಂ ಬರೆದವನು ಒಬ್ಬ ಪುಕ್ಕಲ. ಪ್ರೋಗ್ರಾಂ ಓಡಿದರೆ ಬ್ಲೇಡು ಇಳಿಯುತ್ತದೆ. ದೋಷ ಹುಡುಕಲು ಡಿಬಗರ್‌ನಲ್ಲಿ ಲೋಡ್ ಮಾಡಿದಾಗ ಅವನು ನೇರವಾಗಿ ರನ್ ಕೊಟ್ಟವನೇ ಅಲ್ಲ. ಮೊದಲ ಸಾಲಿನಲ್ಲೇ ನಿಲ್ಲುವಂತೆ ಬ್ರೇಕ್ ಹಾಕಿ, ಮೇಜಿಗೆ ಎರಡು ಸಲ ಕುಟ್ಟಿ, "ಕೈ ತೆಗೀರಪ್ಪಾ" ಎಂದು ಕೂಗಿ, ಆಮೇಲೆ ಓಡಿಸುತ್ತಿದ್ದ. ಹೋದ ತಿಂಗಳು ಸತ್ತದ್ದೂ ಪುಕ್ಕಲನ ಹಾಗೇ, ನಿದ್ದೆಯಲ್ಲಿ.

ಅವನ ಕುರ್ಚಿ ನನಗೆ ಬಂತು. ಒಂದು ಮಧ್ಯಾಹ್ನ ಯಂತ್ರ ಕೈಕೊಟ್ಟಿತು. ದೋಷ ಹುಡುಕಲು ಪ್ರೋಗ್ರಾಂ ಅನ್ನು ಡಿಬಗರ್‌ನಲ್ಲಿ ಲೋಡ್ ಮಾಡಿದೆ. ಕೀಬೋರ್ಡು ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಮೇಜು ಎರಡು ಸಲ ಟಕ್ ಟಕ್ ಅಂದಿತು. "ಯಾವನೋ ಅದು?" ಎಂದು ಬೈದು ರನ್ ಕೊಟ್ಟೆ. ಮೊದಲ ಸಾಲಿನಲ್ಲೇ ನಿಂತಿತು.

ಪುಕ್ಕಲ ಬ್ರೇಕ್ ಬಿಟ್ಟುಹೋಗಿದ್ದಾನೆಂದು ಬ್ರೇಕ್‌ಗಳ ಪಟ್ಟಿ ತೆಗೆದು ನೋಡಿದೆ. ಒಂದೂ ಇರಲಿಲ್ಲ. ಮತ್ತೆ ಲೋಡ್ ಮಾಡಿ ರನ್ ಕೊಟ್ಟೆ. ಮತ್ತೆ ಟಕ್ ಟಕ್, ಮತ್ತೆ ಅದೇ ಸಾಲು. ಕೋಪ ನೆತ್ತಿಗೇರಿತು.

"ಭಾವಾ, ತಾಳು!" ಯಂತ್ರದ ಹಿಂದಿನಿಂದ ಫಿಟ್ಟರ್ ಕೂಗಿದ. ನನ್ನ ಹೆಂಡತಿಯ ತಮ್ಮ. "ಬ್ಲೇಡಿನ ಕೆಳಗೆ ತಗಡು ಸಿಕ್ಕಿದೆ. ಆಗಿಂದ ಕೈ ಒಳಗೇ ಇದೆ."

"ಮುಠ್ಠಾಳ! ಎರಡು ಸಲ ರನ್ ಕೊಟ್ಟೆನಲ್ಲೋ!"

"ಕುಟ್ಟಿದ್ದು ಕೇಳಿಸ್ತು. 'ಕೈ ತೆಗೀರಪ್ಪಾ' ಅಂತ ಇನ್ನೂ ಕೂಗಿಲ್ವಲ್ಲಾ ಅಂತ ಸುಮ್ಮನಿದ್ದೆ."

ಅವನು ಕೈ ತೆಗೆದ. ನಾನು ಏನನ್ನೂ ಬದಲಿಸದೆ ರನ್ ಕೊಟ್ಟೆ. ಈ ಸಲ ಮೇಜು ಸದ್ದು ಮಾಡಲಿಲ್ಲ. ಪ್ರೋಗ್ರಾಂ ಎಲ್ಲೂ ನಿಲ್ಲದೆ ಓಡಿತು, ಬ್ಲೇಡು ಇಳಿಯಿತು.