ಕೇತನ ಮಣಿಕಟ್ಟಿನ ದಾರ

ಕೂಗಿದರೆ ಬೆಟ್ಟಗಳು ಓಗೊಡುತ್ತಿದ್ದ ಕಾಲವದು. ಆಗ ನೇಸರಪುರವೆಂಬ ರಾಜ್ಯವಿತ್ತು. ಅಲ್ಲಿನ ಸೈನಿಕರು ದಂಡು ಹೊರಡುವ ಮುನ್ನ ಮಣಿಕಟ್ಟಿಗೆ ಅರಿಸಿನದ ದಾರ ಕಟ್ಟಿಸಿಕೊಳ್ಳುತ್ತಿದ್ದರು. ಮನಸಾರೆ ಪ್ರೀತಿಸುವವರು ದಾರ ಕಟ್ಟಿದರೆ ಯಾವ ಮಾಟವೂ ತಾಗದು ಎಂದು ಹಿರಿಯರು ಹೇಳಿದ್ದರು. ಬರಬರುತ್ತಾ ಜನ ಪ್ರೀತಿಯ ಮಾತು ಮರೆತರು. ಹೆಂಗಸು ಕಟ್ಟಿದರೆ ಸಾಕು ಎಂಬುದಷ್ಟೇ ಉಳಿಯಿತು.

ಒಮ್ಮೆ ಧೂಮ್ರಾಂಗನೆಂಬ ಮಾಂತ್ರಿಕ ಆ ರಾಜ್ಯದ ನದಿಯನ್ನೇ ಕಮಂಡಲದಲ್ಲಿ ತುಂಬಿಕೊಂಡು ಕರಿಬೆಟ್ಟದ ಮೇಲೆ ಕುಳಿತ. ದಂಡು ಸಜ್ಜಾಯಿತು. ದಂಡನಾಯಕ ಗಂಡರಾದಿತ್ಯ ಕೋಟೆಬಾಗಿಲಲ್ಲಿ ನಿಂತು ಒಬ್ಬೊಬ್ಬರ ದಾರ ನೋಡಿದ. ಬಿಲ್ಲುಗಾರ ಕೇತನ ಸರದಿ ಬಂತು.

"ಯಾರು ಕಟ್ಟಿದ್ದು?"

"ನಗಾರಿ ಬಾರಿಸೋ ಬೊಪ್ಪ, ಒಡೆಯಾ. ಅವನಂದ್ರೆ ನನಗೆ ಪ್ರಾಣ, ನಾನಂದ್ರೆ ಅವನಿಗೆ."

ದಂಡು ಘೊಳ್ಳೆಂದು ನಕ್ಕಿತು. "ಥೂ! ಇದು ಗಂಡಸರ ದಂಡು. ಇಬ್ಬರೂ ಬಳೆ ತೊಟ್ಕೊಂಡು ಲಾಯದಲ್ಲಿ ಲದ್ದಿ ಬಾಚಿ!" ಎಂದು ದಂಡನಾಯಕ ಗುಡುಗಿದ.

ಲಾಯದಲ್ಲಿ ಬೊಪ್ಪ ಕಣ್ಣೊರೆಸಿಕೊಂಡ. "ಅತ್ತೆ ಮಗಳು ಕಟ್ಟಿದಳು ಅಂದಿದ್ರೆ ಏನಾಗ್ತಿತ್ತೋ?"

"ಸುಳ್ಳಾಗ್ತಿತ್ತು," ಎಂದ ಕೇತ.

ದಂಡು ಹೊರಟ ಮೂರನೆಯ ದಿನ ಎಂಟೇ ಮಂದಿ ಓಡಿ ಬಂದರು. ಮನೆಯವರು ಮನಸಾರೆ ದಾರ ಕಟ್ಟಿದ್ದು ಅವರಿಗಷ್ಟೇ. ಉಳಿದವರೆಲ್ಲ ಬೆಟ್ಟದಲ್ಲಿ ಕಲ್ಲಾಗಿದ್ದರು. ಆಗದೆ ಏನು? ಮದುವೆಯಾಗದವರಿಗೆ ದಂಡನಾಯಕ ಕೇರಿಯ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಕಟ್ಟಿಸಿದ್ದ. ತಾನೋ, ಹೆಂಡತಿ ನಾಗಲೆಯನ್ನು ಗದರಿಸಿ ಕಟ್ಟಿಸಿಕೊಂಡಿದ್ದ. ಈಗ ಮಹಾಶಯನೂ ಕಲ್ಲು!

ಕೇತ ಬಿಲ್ಲು ಹಿಡಿದು ಹೊರಟ. ಬೊಪ್ಪ ನಗಾರಿ ಹೊತ್ತು ಹಿಂದೆಯೇ ನಡೆದ. ಅವನ ಕೈಗೆ ಕೇತ ಕಟ್ಟಿದ ದಾರವಿತ್ತು.

ಬೆಟ್ಟದ ಬುಡದಲ್ಲಿ ಕೆಂಡದ ಹುಲಿ ಅಡ್ಡ ಬಂತು. "ದಾರ ಯಾರು ಕಟ್ಟಿದ್ದು?" "ಬೊಪ್ಪ." ಹುಲಿ ಆರಿ ಬೂದಿಯಾಯಿತು.

ನಡುಬೆಟ್ಟದಲ್ಲಿ ಏಳು ಹೆಡೆಯ ಸರ್ಪ ಎದ್ದಿತು. "ದಾರ ಯಾರು ಕಟ್ಟಿದ್ದು?" "ಬೊಪ್ಪ." ಸರ್ಪ ಏಳೂ ಹೆಡೆ ಮಡಚಿ ಬಿಲ ಸೇರಿತು.

ತುದಿಯಲ್ಲಿ ಧೂಮ್ರಾಂಗ ನಸುನಕ್ಕ. "ಒಬ್ಬ ಹೆಣ್ಣಿನ ಹೆಸರು ಹೇಳಪ್ಪ, ಸಾಕು. ನದಿ ಕೊಡ್ತೀನಿ, ದಂಡು ಬಿಡ್ತೀನಿ. ನಿನ್ನನ್ನೇ ದಂಡನಾಯಕ ಮಾಡ್ತಾರೆ. ಇನ್ನು ಯಾರೂ ನಗೋದಿಲ್ಲ."

ಆ ಘೊಳ್ಳೆನ್ನುವ ನಗು ಕೇತನ ಕಿವಿಯಲ್ಲಿ ಇನ್ನೂ ಇತ್ತು. ನಾಲಗೆ ತಡವರಿಸಿತು. ಅಷ್ಟಕ್ಕೇ ದಾರದ ಗಂಟು ಸಡಿಲವಾಗಿ, ಪಾದ ಕಲ್ಲಾಗತೊಡಗಿತು. ಅವನು ಹಿಂತಿರುಗಿ ನೋಡಿದ. ಬೊಪ್ಪ ನಿಂತಿದ್ದ, ಬೆವರುತ್ತಾ, ಹೆದರುತ್ತಾ, ಆದರೂ ನಿಂತಿದ್ದ.

"ಬೊಪ್ಪ ಕಟ್ಟಿದ್ದು!" ಎಂದು ಕೇತ ಬೆಟ್ಟ ನಡುಗುವಂತೆ ಕೂಗಿ ಬಾಣ ಬಿಟ್ಟ. ಬೆಟ್ಟವೂ ಹಾಗೆಯೇ ಕೂಗಿತು.

ಕಮಂಡಲ ಒಡೆಯಿತು. ನದಿ ಭೋರ್ಗರೆದು ಮಾಂತ್ರಿಕನನ್ನು ಹೊಗೆಯಂತೆ ಕೊಚ್ಚಿಕೊಂಡು ಹೋಯಿತು. ನೀರು ತಾಗಿದ ಕಲ್ಲುಗಳೆಲ್ಲ ಸೀನಿ ಎದ್ದು ಕೂತವು. ಗಂಡರಾದಿತ್ಯ ತಲೆ ತಗ್ಗಿಸಿ, "ತಪ್ಪಾಯ್ತು ಕಣಯ್ಯಾ," ಎಂದ.

ಅಂದೇ ಅರಸ ಹಳೆಯ ಮಾತನ್ನೇ ಮತ್ತೆ ಕಟ್ಟಳೆ ಮಾಡಿದ: ಪ್ರೀತಿಸುವವರು ಕಟ್ಟಲಿ, ಯಾರೇ ಆಗಲಿ. ಮುಂದಿನ ಸಲ ದಂಡು ಹೊರಡುವಾಗ ದಂಡನಾಯಕ ಮನೆಯಲ್ಲಿ ಮೆಲ್ಲಗೆ ಕೈ ಚಾಚಿದ. ನಾಗಲೆ ಕತ್ತಿ ಸಿಕ್ಕಿಸಿಕೊಳ್ಳುತ್ತಾ, "ಈ ಸಲ ನೀವು ಕಟ್ಟಿ. ಹೊರಡೋಳು ನಾನು," ಎಂದಳು.

ಕೋಟೆಬಾಗಿಲಲ್ಲಿ ಕಾವಲುಗಾರ ಕೇಳಿದ: "ಕೇತನಿಗೆ ಕಟ್ಟಿದ್ದು ಯಾರು?"

ಕೇತ ಬಾಯಿ ತೆರೆಯುವ ಮೊದಲೇ ಇಡೀ ದಂಡು ಕೂಗಿತು: "ಬೊಪ್ಪ!"

ನಗಾರಿ ಮೊಳಗಿತು. ನೇಸರಪುರದವರು ಸುಖವಾಗಿದ್ದರು, ಅವರಿಬ್ಬರೂ ಅಷ್ಟೇ.