ಊರು ಹೇಳದ ಗಿರಾಕಿ

ನಾಲ್ಕನೇ ಸಲ ಅವನು ಫೋನಿನ ಗಾಜು ಒಡೆದುಕೊಂಡು ಬಂದಾಗ ನನಗೆ ನಗು ತಡೆಯಲಾಗಲಿಲ್ಲ.

"ಏನ್ರೀ, ಫೋನಲ್ಲಿ ತೆಂಗಿನಕಾಯಿ ಒಡೀತೀರಾ?"

"ಇಲ್ಲ. ಕೈ ನಡುಗುತ್ತೆ."

"ಯಾವಾಗ್ಲೂನಾ?"

"ಈ ಅಂಗಡಿ ಹತ್ರ ಬಂದಾಗ ಮಾತ್ರ."

ಫಿಜಿಯ ನೌಸೋರಿ ಮಾರ್ಕೆಟ್ಟಿನಲ್ಲಿ, ಬಸ್ ಸ್ಟ್ಯಾಂಡಿನ ಕಡೆಯ ಬಾಗಿಲಲ್ಲಿ ನನ್ನ ಫೋನ್ ರಿಪೇರಿ ಅಂಗಡಿ. ಅಂಗಡಿ ಎಂದರೆ ಒಂದು ಮೇಜು, ಒಂದು ದೀಪ, ಮೊಣಕೈ ಊರುವಷ್ಟು ಜಾಗ. ಪಕ್ಕದಲ್ಲೇ ಉನೈಸಿ ಅತ್ತೆ ನದಿಯ ಮರುವಾಯಿ, ಅಂದರೆ ತಿನ್ನುವ ಚಿಪ್ಪನ್ನು, ಗುಡ್ಡೆ ಹಾಕಿ ಮಾರುತ್ತ ಕೂತಿರುತ್ತಾಳೆ. ಚಿಪ್ಪಿಗಿಂತ ನನ್ನ ಗಿರಾಕಿಗಳ ಮೇಲೇ ಅವಳ ಕಣ್ಣು ಹೆಚ್ಚು.

ಒಡೆದ ಗಾಜನ್ನು ನಾನು ನಿಧಾನವಾಗಿ ಬಿಡಿಸುತ್ತಿದ್ದರೆ ಅವನು ನನ್ನ ಮುಖ ನೋಡುತ್ತಿರಲಿಲ್ಲ. ಆರಿದ ಫೋನಿನ ಕಪ್ಪು ಪರದೆಯಲ್ಲಿ ಬಿದ್ದ ನನ್ನ ಪ್ರತಿಬಿಂಬವನ್ನು ನೋಡುತ್ತಿದ್ದ. ಅದು ನನಗೆ ಗೊತ್ತಿತ್ತು. ಅವನಿಗೆ ಇನ್ನಷ್ಟು ಚೆನ್ನಾಗಿ ಕಾಣಲೆಂದು ಫೋನನ್ನು ಒಂದಿಷ್ಟು ವಾಲಿಸುತ್ತಿದ್ದೆ. ಇದನ್ನು ಈಗ ಬರೆಯುವಾಗ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿದೆ, ಆದರೂ ಬರೆಯುತ್ತೇನೆ.

"ಯಾವೂರು ನಿಮ್ದು?" ಎಂದು ಕೇಳಿದೆ. ಫಿಜಿಯಲ್ಲಿ ಹೆಸರಿಗಿಂತ ಮುಂಚೆ ಕೇಳುವುದು ಊರನ್ನೇ.

"ಊರು ಹೇಳಿದ್ರೆ ನಂಟು ಹುಡುಕ್ತೀರಿ. ನಂಟು ಸಿಕ್ಕಿದ್ರೆ ಅಣ್ಣ ಅಂತೀರಿ. ಬೇಡಪ್ಪ."

ಅವನು ಹೋದ ಮೇಲೆ ಉನೈಸಿ ಅತ್ತೆ ಗೊಣಗಿದಳು. "ಊರು ಹೇಳದೋನಿಗೆ ನಾನಾದ್ರೆ ಮರುವಾಯಿನೂ ಮಾರಲ್ಲ ಕಣೇ ಅರಿಯೆತಾ."

"ನಿನ್ನ ಮರುವಾಯಿ ಯಾರು ಕೇಳಿದ್ರು ಅತ್ತೆ?"

"ನಗು, ನಗು. ಕೆನ್ನೆ ನೋಡ್ಕೋ, ಬೇಯಿಸಿದ ಏಡಿ ಆಗಿದೆ."

ಆ ದಿನವೆಲ್ಲ ನನ್ನನ್ನು ಒಂದು ಅಪರಾಧಿ ಭಾವ ಕಾಡಿತು. ಯಾಕೆಂದರೆ ನನಗೆ ಆಗಲೇ ಒಬ್ಬನಿದ್ದ. ಅವನ ಮುಖ ನಾನು ನೋಡಿರಲಿಲ್ಲ, ದನಿ ಕೇಳಿರಲಿಲ್ಲ, ಹೆಸರೂ ಗೊತ್ತಿರಲಿಲ್ಲ. ಫೋನಿನಲ್ಲಿ ಅವನು 'ವಾಂಗಾ', ಅಂದರೆ ದೋಣಿ. ನಾನು 'ಕುಲಾ', ಕೆಂಪು ಗಿಳಿ.

ನಮ್ಮ ಕಡೆ ಗುಟ್ಟು ಅನ್ನುವುದೇ ಇಲ್ಲ. ಯಾರು ಎಷ್ಟು ಕಾಣಿಕೆ ಕೊಟ್ಟರೆಂದು ಚರ್ಚಿನಲ್ಲಿ ಹೆಸರು ಹಿಡಿದು ಓದುತ್ತಾರೆ. ಬಂಧುಗಳು ಬಾಯಿಬಿಟ್ಟು ಕೇಳಿದರೆ ಇಲ್ಲ ಅನ್ನುವಂತಿಲ್ಲ. ಉನೈಸಿ ಅತ್ತೆ ದೋಣಿಗೊಂದು ಇಂಜಿನ್ ಕೊಳ್ಳಬೇಕೆಂದು ಮೂರು ಸಲ ದುಡ್ಡು ಕೂಡಿಸಿದ್ದಳು. ಮೂರು ಸಲವೂ ಒಬ್ಬನ ಮದುವೆ, ಇನ್ನೊಬ್ಬನ ಸಾವು, ಮತ್ತೊಬ್ಬನ ರಗ್ಬಿ ತಂಡ ಅಂತ ಅದು ಕರಗಿಹೋಯಿತು. ಹಾಗಾಗಿ ಫೋನಿನಲ್ಲೇ ಕೂಡಿಡುವ, ಕಣ್ಣಿಗೆ ಕಾಣದ ಡಿಜಿಟಲ್ ನಾಣ್ಯದ ಸುದ್ದಿ ಬಂದಾಗ ಮಾರ್ಕೆಟ್ಟಿನ ಹೆಂಗಸರು ಮುಗಿಬಿದ್ದರು. ಯಾರಿಗೂ ತಿಳಿಯದ ಹಾಗೆ ಒಂದಿಷ್ಟು ಎತ್ತಿಡಬಹುದಲ್ಲ, ಅಷ್ಟೇ ಅವರ ಆಸೆ.

ಆ ನಾಣ್ಯ ಕೂಡಿಡುವ ಆನ್‌ಲೈನ್ ಗುಂಪಿಗೆ ನಾವು 'ಪೆಟ್ಟಿಗೆ' ಎನ್ನುತ್ತಿದ್ದೆವು. ಪೆಟ್ಟಿಗೆಗೆ ಮೂರು ಕೀಲಿ, ಅದರಲ್ಲಿ ಎರಡು ಸೇರಿದರೆ ಮಾತ್ರ ತೆರೆಯುತ್ತದೆ. ಒಂದು ನನ್ನ ಹತ್ತಿರ, ಒಂದು ವಾಂಗಾನ ಹತ್ತಿರ, ಇನ್ನೊಂದು, ಗುಂಪಿನವರೆಲ್ಲ 'ಬುಬು', ಅಜ್ಜಿ, ಎಂದು ಕರೆಯುತ್ತಿದ್ದ ಹಿರಿಯ ಹೆಂಗಸಿನ ಹತ್ತಿರ. ಅಲ್ಲಿ ಹೆಸರು ಕೇಳುವುದು ಹೊಲಸು ಮಾತಾಡಿದ್ದಕ್ಕೆ ಸಮ. ಆದರೆ ಹೆಂಗಸರೆಲ್ಲರ ಫೋನಿಗೆ ಆ್ಯಪ್ ಹಾಕಿಕೊಟ್ಟವಳು ನಾನು. ನಲವತ್ತೊಂದು ಜನ ಪೆಟ್ಟಿಗೆಯನ್ನು ನಂಬಿದ್ದು ನನ್ನ ಮುಖ ನೋಡಿ.

ವಾಂಗಾ ಎಂದೂ ಏನೂ ಕೇಳುತ್ತಿರಲಿಲ್ಲ. ಹುಟ್ಟಿದಾಗಿನಿಂದ ಊರು, ವಂಶ, ಯಾರ ಮಗಳು ಎಂದು ಕೇಳಿಸಿಕೊಂಡೇ ಬೆಳೆದವಳಿಗೆ ಏನನ್ನೂ ಕೇಳದ ಗಂಡಸು ಎಷ್ಟು ಹಿತವೆಂದು ಹೇಗೆ ಹೇಳಲಿ.

"ಇವತ್ತು ಏನು ತಿಂದೆ ಕುಲಾ?"

"ಹೇಳಿದ್ರೆ ಯಾವ ಕಡೆಯೋಳು ಅಂತ ಗೊತ್ತಾಗ್ಬಿಡುತ್ತೆ."

"ಸರಿ. ಬಿಸಿದೋ ತಣ್ಣಂದೋ, ಅಷ್ಟು ಹೇಳು ಸಾಕು."

"ಬಿಸಿದು."

"ಹಾಗಾದ್ರೆ ನನಗೂ ಹೊಟ್ಟೆ ತುಂಬಿತು."

ಇಂಥ ಮಾತಿಗೆ ಕರಗಿದೆ ನಾನು. ಮೂವತ್ತೆರಡು ವರ್ಷದವಳು, ದಿನಕ್ಕೆ ಹತ್ತು ಮೋಸದ ಮೆಸೇಜನ್ನು ಬೇರೆಯವರ ಫೋನಿನಿಂದ ಅಳಿಸುವವಳು.

ಕರಗಿದ್ದನ್ನು ಹೇಳಿಕೊಳ್ಳಲು ಬುಬು ಇದ್ದಳು. ಅಮ್ಮ ಹೋದ ಮೇಲೆ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡವಳು ಅವಳೊಬ್ಬಳೇ. ಅಮ್ಮ ಸತ್ತ ದಿನ ನನಗೆ ಅಳು ಬರಲಿಲ್ಲ, ಜನ ನೋಡುತ್ತಾರೆಂದು ಕಣ್ಣಿಗೆ ನೀರು ಹಚ್ಚಿಕೊಂಡೆ ಎಂದು ಅವಳಿಗೆ ಮಾತ್ರ ಬರೆದಿದ್ದೆ. ವಾಂಗಾನ ಮೇಲೂ ಮನಸ್ಸು, ಗಾಜು ಒಡೆದುಕೊಂಡು ಬರುವವನ ಮೇಲೂ ಮನಸ್ಸು, ನಾನು ಕೆಟ್ಟವಳಾ ಎಂದೂ ಅವಳನ್ನೇ ಕೇಳಿದೆ.

"ಇಬ್ಬರನ್ನೂ ನಂಬು ಮಗಳೇ. ಮನಸ್ಸು ಸುಮ್ಮನೆ ಹೋಗಲ್ಲ" ಎಂದು ಬರೆದಳು ಬುಬು.

ಒಂದು ಮಂಗಳವಾರ ಬೆಳಗ್ಗೆ ಪೆಟ್ಟಿಗೆ ಬರಿದಾಗಿತ್ತು.

ಎರಡು ಕೀಲಿ ಬಳಕೆಯಾಗಿದ್ದವು, ಎರಡೂ ನನ್ನವಲ್ಲ. ವಾಂಗಾ ಮಾಯವಾದ. ಬುಬು ಮಾತ್ರ ಬರೆದಳು: "ನನ್ನ ಕೀಲಿ ಯಾರೋ ಕದ್ದಿದ್ದಾರೆ ಮಗಳೇ, ನಾನು ಮುದುಕಿ, ನನಗೇನು ಗೊತ್ತಾಗುತ್ತೆ." ನಾನು ಅವಳನ್ನು ಸಮಾಧಾನ ಮಾಡಿದೆ. ಊಟ ಮಾಡಿ, ಬಿ.ಪಿ. ಮಾತ್ರೆ ಮರೆಯಬೇಡಿ ಎಂದೆ.

ಮಾರ್ಕೆಟ್ಟಿನ ಹೆಂಗಸರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉನೈಸಿ ಅತ್ತೆ ತನ್ನ ಗುಡ್ಡೆಯನ್ನು ನನ್ನ ಮೇಜಿನಿಂದ ನಾಲ್ಕು ಮಾರು ಆಚೆಗೆ ಸರಿಸಿಕೊಂಡಳು, ಅಷ್ಟೇ. ಯಾರೋ ಹಿಂದಿನಿಂದ "ಅವಳ ಪಾಲು ಅವಳಿಗೆ ಬಂದಿರುತ್ತೆ ಬಿಡು" ಎಂದದ್ದು ಕೇಳಿಸಿತು.

ಶನಿವಾರ ಮಧ್ಯಾಹ್ನ ಮನೆಗೆ ಮೂವರು ಗಂಡಸರು ಬಂದರು. ನಾನು ಅಡುಗೆಮನೆಯಲ್ಲಿ ಕೆಸುವಿನ ಗೆಡ್ಡೆ ಸುಲಿಯುತ್ತಿದ್ದೆ. ಹೊರಗೆ ಚಾಪೆಯ ಮೇಲೆ ಒಬ್ಬ ಹಿರಿಯರು ತಗ್ಗಿದ ದನಿಯಲ್ಲಿ ಸಂಪ್ರದಾಯದ ಮಾತು ಶುರುಮಾಡಿದ್ದು ಕೇಳಿ ಕೈಯಲ್ಲಿದ್ದ ಚಾಕು ಕೆಳಗಿಟ್ಟೆ. ಅದು ಕ್ಷಮೆ ಕೇಳುವ ಮಾತು. ತಿಮಿಂಗಿಲದ ಹಲ್ಲು ಹಿಡಿದು ಬಂದಿದ್ದಾರೆ. ಮನೆಯ ಯಜಮಾನ ಆ ಹಲ್ಲನ್ನು ಕೈಗೆ ತೆಗೆದುಕೊಂಡರೆ ತಪ್ಪು ಮಣ್ಣಾಯಿತು, ಆಮೇಲೆ ಅದರ ಮಾತು ಎತ್ತುವಂತಿಲ್ಲ, ಪೊಲೀಸರ ಹತ್ತಿರವೂ ಹೋಗುವಂತಿಲ್ಲ. ಬಸ್ ಓಡಿಸಿ ನಿವೃತ್ತನಾದ ನನ್ನಪ್ಪ ಸೊಲೊಮೊನೆ ಜನ್ಮದಲ್ಲಿ ಅದನ್ನು ಬೇಡ ಎಂದವನಲ್ಲ. ಬೇಡ ಎಂದವರನ್ನು ನೋಡಿಯೂ ಇರಲಿಲ್ಲ.

ಬಾಗಿಲಿಗೆ ಬಂದು ನೋಡಿದೆ. ಹಿರಿಯರ ಹಿಂದೆ ತಲೆ ತಗ್ಗಿಸಿ, ಕಾಲು ಮಡಿಸಿ ಕೂತಿದ್ದವನು ನನ್ನ ಗಿರಾಕಿ.

"ಹುಡುಗ ನಿಮ್ಮ ಮಗಳ ಮನಸ್ಸು ನೋಯಿಸಿದ್ದಾನಂತೆ" ಎನ್ನುತ್ತಿದ್ದರು ಹಿರಿಯರು. "ಫೋನಲ್ಲಿ ಸ್ನೇಹ ಮಾಡಿ ಮಾತು ಬಿಟ್ಟನಂತೆ. ಈಗ ಮದುವೆ ಆಗ್ತೀನಿ ಅಂತಾನೆ. ನಾನು ಅವನ ದೊಡ್ಡಪ್ಪ."

ಫೋನಲ್ಲಿ ಸ್ನೇಹ. ನನಗೆ ಅರ್ಥವಾಗಲು ಎರಡು ಉಸಿರು ಬೇಕಾಯಿತು.

"ನೀನು ವಾಂಗಾ" ಎಂದೆ.

ಅವನು ತಲೆ ಎತ್ತಿದ. ಅದೇ ಕಣ್ಣು, ಅದೇ ಉದ್ದನೆಯ ರೆಪ್ಪೆ. "ಕುಲಾ, ನಿನಗೋಸ್ಕರನೇ ಬಂದೆ. ಎರಡನೇ ತಿಂಗಳಲ್ಲೇ ನೀನು ಯಾರು ಅಂತ ಹುಡುಕ್ಬಿಟ್ಟಿದ್ದೆ. ನೀನು ಕಳಿಸಿದ ವಾಯ್ಸ್ ಮೆಸೇಜಲ್ಲಿ ನೌಸೋರಿ ಬಸ್ ಸ್ಟ್ಯಾಂಡಿನ ಮೈಕು ಕೂಗ್ತಿತ್ತು. ಒಂದು ಸಲ ನೋಡಿ ಹೋಗೋಣ ಅಂತ ಬಂದೆ, ಆಮೇಲೆ ಬರದೇ ಇರೋಕೆ ಆಗ್ಲಿಲ್ಲ. ಸುಮ್ನೆ ಸುಮ್ನೆ ಗಾಜು ಒಡ್ಕೊಂಡೆ."

ಬೇರೆ ಯಾವಾಗಲಾದರೂ ಆಗಿದ್ದರೆ ಈ ಮಾತಿಗೆ ನಾನು ಅಲ್ಲೇ ಸೋಲುತ್ತಿದ್ದೆ. ಈಗಲೂ ಎದೆಯಲ್ಲಿ ಏನೋ ಒಂದು ಅವನ ಕಡೆ ವಾಲಿತು, ಸುಳ್ಳೇಕೆ.

"ನಿನ್ನ ಪಾಲು ತಂದಿದ್ದೀನಿ" ಎಂದ ದನಿ ತಗ್ಗಿಸಿ. "ಪೂರ್ತಿ. ನಿನ್ನೊಬ್ಬಳದು."

"ಉಳಿದೋರದು?"

"ಅವರಿಗೆ ನಾನ್ಯಾರು ಅಂತ ಗೊತ್ತಿಲ್ವಲ್ಲ." ಎಷ್ಟು ಸಹಜವಾಗಿ ಹೇಳಿದ ಎಂದರೆ, ನನಗೆ ಮೊದಲು ಕೇಳಿಸಿದ್ದು ದನಿಯ ಇಂಪು. ಆಮೇಲೆ ಅವನು ಇನ್ನೂ ಮೆತ್ತಗೆ ಸೇರಿಸಿದ. "ಅರಿಯೆತಾ, ಅಮ್ಮ ಸತ್ತ ದಿನನೂ ಅಳದೋಳು ನೀನು. ಅಂಥೋಳು ಈಗ ನನಗೋಸ್ಕರ ಕಣ್ಣು ತುಂಬ್ಕೊಂಡಿದ್ದೀಯ. ಅದಕ್ಕಿಂತ ನನಗೆ ಇನ್ನೇನು ಬೇಕು?"

ಅದನ್ನು ನಾನು ವಾಂಗಾನಿಗೆ ಹೇಳಿರಲಿಲ್ಲ.

ಬುಬುಗೆ ಮಾತ್ರ ಬರೆದಿದ್ದೆ. ಬುಬು ಕೂಡ ಇವನೇ. ಮೂರು ಕೀಲಿಗೆ ಮೂವರು ಅಂದುಕೊಂಡಿದ್ದೆವು, ಇದ್ದದ್ದು ಇಬ್ಬರೇ. ಮದ್ದು ಮಾತ್ರೆ ವಿಚಾರಿಸಿದ್ದೆ ನಾನು, ಇವನ ಇಲ್ಲದ ಬಿ.ಪಿ.ಗೆ. ಇವನ ಮೇಲಿನ ಆಸೆಯನ್ನು ಇವನಿಗೇ ಬರೆದು, ಇಬ್ಬರನ್ನೂ ನಂಬು ಎಂದು ಇವನಿಂದಲೇ ಹೇಳಿಸಿಕೊಂಡಿದ್ದೆ. ಬಾಗಿಲು ಹಾಕಿ ಸ್ನಾನ ಮಾಡುವಾಗ ಒಳಗೇ ಯಾರೋ ಕೂತಿದ್ದ ಹಾಗೆ ಮೈ ಹಿಂಡಿತು.

ಅಪ್ಪನ ಕೈ ಹಲ್ಲಿನ ಕಡೆ ಚಾಚಿತ್ತು.

"ಅಪ್ಪಾ, ಮುಟ್ಬೇಡ. ತಪ್ಪು ನಮ್ಮ ಮನೆಗೊಂದಕ್ಕೇ ಆಗಿಲ್ಲ. ತೆಗೆದುಕೊಳ್ಳಬೇಕಾದೋರು ಇನ್ನೂ ಬರಬೇಕು."

ಉನೈಸಿ ಅತ್ತೆಗೆ ಫೋನ್ ಮಾಡಿದೆ. ಹಲ್ಲಿಗೆ ಉತ್ತರ ಸಿಗುವವರೆಗೆ ಕ್ಷಮೆ ಕೇಳಲು ಬಂದವನು ಏಳುವಂತಿಲ್ಲ. ಅದೂ ಸಂಪ್ರದಾಯವೇ. ನಾನು ಅಪ್ಪನ ಪಕ್ಕ ಕೂತು ದೊಡ್ಡಪ್ಪನಿಗೆ ಪೆಟ್ಟಿಗೆಯ ಕಥೆ ಹೇಳಿದೆ. ಆ ಹಿರಿಯರ ಮುಖ ಬೂದಿಯಾಯಿತು. ಅವರು ಒಂದೇ ಒಂದು ಸಲ ಹಿಂತಿರುಗಿ ನೋಡಿದರು. ಅವನು ಚಾಪೆಯ ಅಂಚನ್ನು ಕೀಳುತ್ತಿದ್ದ.

ಮುಕ್ಕಾಲು ಗಂಟೆಯಲ್ಲಿ ಹೆಂಗಸರು ಬಂದರು. ಏಪ್ರನ್ ಬಿಚ್ಚದೆ, ಕೆಸುವಿನ ಮಣ್ಣು, ಮೀನಿನ ವಾಸನೆ ಹೊತ್ತು, ಒಬ್ಬೊಬ್ಬರಾಗಿ ನಮ್ಮ ಕಡೆಯ ಚಾಪೆಯಲ್ಲಿ ತುಂಬಿಕೊಂಡರು. ಜಾಗ ಸಾಲದೆ ಮೆಟ್ಟಿಲ ಮೇಲೂ ಕೂತರು. ಉನೈಸಿ ಅತ್ತೆ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ಯಾವೂರಪ್ಪಾ ನಿಂದು?"

ಅವನು ದೊಡ್ಡಪ್ಪನ ಕಡೆ ನೋಡಿದ.

"ಹೇಳೋ" ಎಂದರು ದೊಡ್ಡಪ್ಪ.

ಅವನು ಊರು ಹೇಳಿದ. ಮನೆತನ ಹೇಳಿದ. ಹೆಸರು ಇನೊಕೆ ಎಂದ. ಮೆಟ್ಟಿಲ ಮೇಲಿದ್ದ ಒಬ್ಬಳು, "ಅಯ್ಯೋ, ನಮ್ಮತ್ತೆ ತವರು ಅದೇ" ಎಂದು ಬಾಯಿಗೆ ಕೈ ಅಡ್ಡ ಹಿಡಿದಳು. ಎಂಟು ತಿಂಗಳ ಪರಿಚಯದಲ್ಲಿ ತಿಳಿಯದ್ದು ಎಂಟು ಕ್ಷಣದಲ್ಲಿ ತಿಳಿದುಹೋಯಿತು.

"ಫೋನು ತೆಗಿ" ಎಂದರು ದೊಡ್ಡಪ್ಪ. ನಾನೇ ಹಾಕಿಕೊಟ್ಟಿದ್ದ ಗಾಜಿನ ಮೇಲೆ ಅವನು ಬೆರಳಿಟ್ಟು ತೆರೆದುಕೊಟ್ಟ. ಇನ್ನೂ ಉಳಿದಿದ್ದ ನಾಣ್ಯವನ್ನು ಅಷ್ಟೂ ಹೆಂಗಸರ ಎದುರು, ಒಬ್ಬೊಬ್ಬರಿಗೂ ತೋರಿಸುತ್ತ ನಾನೇ ಹಿಂದಕ್ಕೆ ಕಳಿಸಿದೆ. ಎಲ್ಲವೂ ಉಳಿದಿರಲಿಲ್ಲ. ಉನೈಸಿ ಅತ್ತೆ ಕೆಲಸದ ನಡುವೆ ಸರಿದು ಬಂದು ನನ್ನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಳು.

ಇನ್ನು ಹಲ್ಲಿನ ಮಾತು. "ಇವಳು ಹೇಳ್ಲಿ" ಎಂದಳು ಅತ್ತೆ. "ನಮ್ಮದು ದುಡ್ಡು ಹೋಯ್ತು. ಇವಳದು ಇನ್ನೂ ಏನೇನೋ ಹೋಗಿದೆ."

ಇನೊಕೆ ನನ್ನನ್ನೇ ನೋಡುತ್ತಿದ್ದ. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಪ್ರೀತಿಯೂ ಇತ್ತೇನೋ, ಇಲ್ಲ ಎನ್ನಲಾರೆ.

"ಒಂದು ಮಾತು ಹೇಳು ಸಾಕು" ಎಂದ. "ಅಂಗಡಿಗೆ ಬರ್ತಿದ್ನಲ್ಲ, ಅವನನ್ನ ಪ್ರೀತಿಸ್ದೆಯಾ, ವಾಂಗಾನನ್ನಾ?"

"ಇಬ್ಬರೂ ಇಷ್ಟ ಆಗಿದ್ರು" ಎಂದೆ. ಅಪ್ಪನ ಎದುರು, ಅಷ್ಟು ಜನರ ಎದುರು, ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. "ಆದ್ರೆ ಎಲ್ಲರಿಗಿಂತ ಹೆಚ್ಚು ನಂಬಿದ್ದು ಬುಬುನ. ಆ ಅಜ್ಜಿ ಇಲ್ಲ ಅನ್ನೋದೇ ನನಗೆ ತಡ್ಕೊಳ್ಳೋಕೆ ಆಗ್ತಿಲ್ಲ."

ಅವನ ಮುಖ ಅರಳಿತು. ಗೆದ್ದವನ ಹಾಗೆ, ಮೆತ್ತಗೆ ನಕ್ಕ.

"ಅದೂ ನಾನೇ ತಾನೇ ಅರಿಯೆತಾ?"

ಆ ನಗುವಿನಲ್ಲಿ ನಾಚಿಕೆಯ ಎಳೆಯೂ ಇರಲಿಲ್ಲ. ನನ್ನೊಳಗೆ ಅವನ ಕಡೆ ವಾಲಿದ್ದದ್ದು ಅಲ್ಲಿಗೆ ನಿಂತುಹೋಯಿತು.

"ಅಪ್ಪಾ, ಹಿಂದಕ್ಕೆ ಕಳಿಸು" ಎಂದೆ.

ಅಪ್ಪ ನನ್ನನ್ನು ನೋಡಿದ, ಚಾಪೆಯ ತುಂಬ ಕೂತ ಹೆಂಗಸರನ್ನು ನೋಡಿದ. ಆಮೇಲೆ ಚಾಪೆಯ ಮೇಲಿಟ್ಟಿದ್ದ ಹಲ್ಲನ್ನು ಎರಡೂ ಅಂಗೈಯಿಂದ ನಿಧಾನಕ್ಕೆ ಅವರ ಕಡೆ ತಳ್ಳಿದ. ದೊಡ್ಡಪ್ಪ ಅದನ್ನೆತ್ತಿಕೊಂಡು, "ನೀವು ಮಾಡಿದ್ದು ಸರಿ" ಎಂದು ಮಾತ್ರ ಹೇಳಿದರು. ಸೋಮವಾರ ತಾವೇ ಹುಡುಗನನ್ನು ಪೊಲೀಸ್ ಸ್ಟೇಷನ್ನಿಗೆ ಕರೆತರುವುದಾಗಿಯೂ ಒಪ್ಪಿಕೊಂಡರು.

ಇನೊಕೆ ಎದ್ದ. ಅಷ್ಟು ಹೊತ್ತು ಮಡಿಸಿದ ಕಾಲು ಜೋಮು ಹಿಡಿದು ಮುಗ್ಗರಿಸಿದ. ಬೀಳುತ್ತಾನೇನೋ ಎಂದು ನನ್ನ ಕೈ ತಾನಾಗಿಯೇ ಮುಂದಕ್ಕೆ ಹೋಯಿತು. ಅವನು ಅದನ್ನು ಹಿಡಿಯುವ ಮೊದಲೇ ಹಿಂದಕ್ಕೆ ಎಳೆದುಕೊಂಡೆ. ಅವನು ಮುಟ್ಟಿರಲಿಲ್ಲ. ಆದರೂ ಗೇಟು ದಾಟಿ ಅವರು ಕಣ್ಮರೆಯಾಗುವವರೆಗೂ ಆ ಕೈಯನ್ನು ಉಟ್ಟ ಬಟ್ಟೆಗೆ ಒರೆಸುತ್ತಲೇ ನಿಂತಿದ್ದೆ.