ಇಬ್ಬರ ಮಧ್ಯೆ ನಿಂತವರು

ಮೂವತ್ತು ವರ್ಷ ಆಪರೇಷನ್ ಕೋಣೆಯ ನೆಲ ಒರೆಸಿದ ಆಯಮ್ಮ ನಾನು; ಕಂಡದ್ದನ್ನಷ್ಟೇ ಹೇಳುತ್ತೇನೆ. ಅರಿವಳಿಕೆ ಕೊಡುವ ಡಾಕ್ಟರಮ್ಮ, ಕಲಿಯಲು ಬಂದ ಹುಡುಗಿಗೆ ಆಗಾಗ ಕಣ್ಣು ಮುಚ್ಚಿಸಿ, ಸುತ್ತ ಏನು ನಡೆಯುತ್ತಿದೆ ಎಂದು ಕೇಳುತ್ತಿದ್ದರು. ಅಂದು ಮೇಜಿನ ಮೇಲೆ ಎರಡು ಮಕ್ಕಳ ತಾಯಿ.

"ಹೇಳಮ್ಮ, ಯಾರೇನ್ ಮಾಡ್ತಿದ್ದಾರೆ?"

"ಸರ್ಜನ್ ಹೊಲಿಗೆ ಹಾಕ್ತಿದ್ದಾರೆ, ಸಿಸ್ಟರ್ ಕತ್ತರಿ ಕೊಡ್ತಿದ್ದಾರೆ, ಆಯಮ್ಮ ಬಾಗಿಲ ಹತ್ರ ಇದ್ದಾರೆ. ನಮ್ಮಿಬ್ಬರ ಮಧ್ಯೆ ಇರೋರು ಉಸಿರಿನ ಕೊಳವೆ ಬಿಚ್ತಿದ್ದಾರೆ."

"ಮಧ್ಯೆ ಯಾರಮ್ಮ, ನಿನ್ನ ತಲೆ!" ಎಂದು ನಗುತ್ತಾ ತಿರುಗಿದ ಡಾಕ್ಟರಮ್ಮನ ನಗು ನಿಂತಿತು. ಕೊಳವೆ ಕಳಚಿತ್ತು. ಯಂತ್ರ ಕೂಗುವ ಮೊದಲೇ ಸಿಕ್ಕಿಸಿದರು, ಜೀವ ಉಳಿಯಿತು.

ಆಮೇಲೆ ನಾನು ನೆಲ ಒರೆಸಿದೆ. ಎಲ್ಲ ಕಡೆ ಆರಿತು. ಅವರಿಬ್ಬರ ಮಧ್ಯದ ಜಾಗದಲ್ಲಿ ಮಾತ್ರ ಎರಡು ಪಾದಗಳ ಆಕಾರದಲ್ಲಿ ಒದ್ದೆ ಉಳಿಯಿತು, ಮುಟ್ಟಿದರೆ ಮಂಜುಗಡ್ಡೆ.

ಮರುದಿನ ಅಲ್ಲಿ ನೆಲ ಒಣಗಿತ್ತು. ಒದ್ದೆ ಪಾದಗಳು ಬಾಗಿಲ ಹತ್ತಿರ, ನಾನು ನಿಲ್ಲುವ ಜಾಗದ ಪಕ್ಕದಲ್ಲಿದ್ದವು.